ನರ್ಸ್ ತಡೆದರೆ ಡಾಕ್ಟರ್ ನಿಲ್ಲಬೇಕು

ಬ್ಯಾಂಕಿನ ತಿಜೋರಿಗೆ ಎರಡು ಕೀಲಿ. ಒಂದು ಅಧಿಕಾರಿಯ ಬಳಿ, ಇನ್ನೊಂದು ಹೆಡ್ ಕ್ಯಾಶಿಯರ್ ಬಳಿ. ಇಬ್ಬರೂ ಸೇರದೆ ಬಾಗಿಲು ತೆರೆಯದು. ಇದರಿಂದ ಅಧಿಕಾರಿಗೆ ಅವಮಾನವಾಯಿತೆಂದು ಯಾರೂ ಹೇಳಿದ್ದಿಲ್ಲ. ಹಣಕ್ಕೆ ಇಷ್ಟು ಕಾವಲಿರುವಾಗ ಆಪರೇಷನ್ ಥಿಯೇಟರಿನಲ್ಲಿ ಮಲಗಿದ ಜೀವಕ್ಕೆ ಒಂದೇ ಕೀಲಿ ಸಾಕೇ?

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೆಂದು 19 ಅಂಶಗಳ ತಪಾಸಣಾ ಪಟ್ಟಿಯೊಂದನ್ನು ಹೊರತಂದಿತು. ಅರಿವಳಿಕೆಗೆ ಮುನ್ನ, ಚರ್ಮ ಕೊಯ್ಯುವ ಮುನ್ನ, ರೋಗಿಯನ್ನು ಹೊರಗೆ ಸಾಗಿಸುವ ಮುನ್ನ ಮೂರು ಸಲ ಎಲ್ಲರೂ ನಿಂತು ಕೇಳಬೇಕು. ರೋಗಿ ಇವರೇ ತಾನೇ? ಕೊಯ್ಯುವ ಜಾಗ ಇದೇ ತಾನೇ? ಅಲರ್ಜಿ ಇದೆಯೇ? ಉಪಕರಣ, ಹತ್ತಿಬಟ್ಟೆಗಳ ಲೆಕ್ಕ ಸರಿಯಾಯಿತೇ? ಅಲ್ಲಿರುವ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕೆಂಬ ನಿಯಮವೂ ಇದೆ. ಕೇಳಲು ಮಕ್ಕಳಾಟದಂತಿದೆ, ನಿಜ. ಆದರೆ ಒಮ್ಮೆ ಬಾಯಿ ತೆರೆದವರಿಗೆ ಮುಂದೆ ತಪ್ಪು ಕಂಡಾಗ ಹೇಳಲು ಧೈರ್ಯ ಬರುತ್ತದೆ. ಡಾ. ಅತುಲ್ ಗವಾಂಡೆ ಅವರ ತಂಡ ದೆಹಲಿಯೂ ಸೇರಿದಂತೆ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿತು. ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ, ತೊಡಕುಗಳು ಶೇ. 11ರಿಂದ 7ಕ್ಕೆ ಇಳಿದಿದ್ದವು.

ಆದರೆ ಕೆನಡಾದ ಒಂಟಾರಿಯೋ ಪ್ರಾಂತ್ಯದ 101 ಆಸ್ಪತ್ರೆಗಳ ಬಗ್ಗೆ 2014ರಲ್ಲಿ ಬಂದ ಅಧ್ಯಯನದಲ್ಲಿ, ಇಂತಹ ಪಟ್ಟಿ ಜಾರಿಯಾದ ಮೇಲೂ ಗಣನೀಯ ಸುಧಾರಣೆ ಕಾಣಲಿಲ್ಲ. ಕಾರಣದ ಬಗ್ಗೆ ತಜ್ಞರಲ್ಲೇ ವಾದವಿದೆ. ರಿಜಿಸ್ಟರುಗಳೊಡನೆ ಏಗಿದವರಿಗೆ ಮಾತ್ರ ಒಂದು ಸಂಶಯ ಸಹಜ: ಸಹಿ ಹಾಕುವುದು ಬೇರೆ, ನೋಡಿ ಸಹಿ ಹಾಕುವುದು ಬೇರೆ.

ಮೂಲ ತೊಂದರೆ ಕಾಲೇಜಿನಲ್ಲೇ ಇದೆ. ಎಂಬಿಬಿಎಸ್‌ನವರು ಒಂದು ಕಟ್ಟಡದಲ್ಲಿ, ನರ್ಸಿಂಗ್‌ನವರು ಇನ್ನೊಂದರಲ್ಲಿ, ಫಾರ್ಮಸಿಯವರು ಮತ್ತೆಲ್ಲೋ. ವರ್ಷಗಟ್ಟಲೆ ಒಂದೇ ಬೆಂಚಿನಲ್ಲಿ ಕೂರದವರು ವಾರ್ಡಿನಲ್ಲಿ ಎದುರಾಗುವುದು ಹೇಳುವವರು, ಕೇಳುವವರು ಎಂಬಂತೆ. ಡೋಸ್ ಹೆಚ್ಚಾಯಿತೆಂದು ಗೊತ್ತಿದ್ದೂ ಕಿರಿಯ ನರ್ಸ್ ಸುಮ್ಮನಿದ್ದರೆ ಆಕೆಯೊಬ್ಬಳನ್ನೇ ದೂರಿ ಪ್ರಯೋಜನವಿಲ್ಲ. ಬೇರೆ ಬೇರೆ ವೃತ್ತಿಯ ವಿದ್ಯಾರ್ಥಿಗಳು ಒಟ್ಟಿಗೆ, ಒಬ್ಬರಿಂದೊಬ್ಬರು ಕಲಿಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲೇ ಮಾರ್ಗಸೂಚಿ ನೀಡಿದೆ.

ಇದರಲ್ಲಿ ಕನ್ನಡ ಸಂಘಗಳ ಪಾತ್ರವೇನು ಎಂದು ಸದಸ್ಯರು ಕೇಳಬಹುದು. ವಾರ್ಷಿಕೋತ್ಸವದಲ್ಲಿ ಡಾಕ್ಟರರಿಗೆ ಶಾಲು, ಫಲತಾಂಬೂಲ, ಸನ್ಮಾನಪತ್ರ ತಪ್ಪದು. ಮೂವತ್ತು ವರ್ಷ ರಾತ್ರಿಪಾಳಿ ಮಾಡಿದ ನರ್ಸ್ ಬಾಯಿಯವರು ವೇದಿಕೆ ಹತ್ತಿದ್ದು ಎಷ್ಟು ಸಲ? 2019ರಿಂದ ಸೆಪ್ಟೆಂಬರ್ 17 ವಿಶ್ವ ರೋಗಿ ಸುರಕ್ಷಾ ದಿನ. ಅಂದು ಡಾಕ್ಟರ್, ನರ್ಸ್, ಔಷಧ ಅಂಗಡಿಯವರು ಮೂವರನ್ನೂ ಒಂದೇ ವೇದಿಕೆಗೆ ಕರೆಯಲು ದೊಡ್ಡ ಖರ್ಚೇನೂ ಇಲ್ಲ. ಮೊದಲು ನರ್ಸ್ ಮಾತನಾಡಲಿ. ಸಭಿಕರು ತಾವು ನುಂಗುವ ಮಾತ್ರೆಗಳ ಪಟ್ಟಿ ಬರೆದು ತಂದರೆ ಮೂವರೂ ಸೇರಿ ಅಲ್ಲೇ ನೋಡಬಹುದು.