ಬಣ್ಣ ಹೊಡೆದದ್ದೆಲ್ಲ ರಿಪೇರಿ ಅಲ್ಲ ಮಾರಾಯ್ರೆ (ಹಾಯಿಕಂಬದ ಕಥೆ, ಭಾಗ 3)

ಮೊದಲ ಫೋಟೋ ಜೂಮ್ ಮಾಡಿ ನೋಡಿ. ಬಿಳಿ ಬಣ್ಣದ ಮೇಲೆ ಸಿಡುಬು ಎದ್ದ ಹಾಗೆ ಗುಳ್ಳೆಗಳು. ಇದು ನಾವು ಹಾಯಿದೋಣಿ ಕಲಿಯುವ ಕಡೆ ಇರುವ ಅಲ್ಯೂಮಿನಿಯಂ ಮಾಸ್ಟ್. ಬಣ್ಣ ಹೊಡೆದು ಎರಡು ಮಳೆಗಾಲವೂ ಆಗಿಲ್ಲ. ಯಾರೋ ಅತಿಥಿಗಳು ಬರ್ತಾರೆ ಅಂತ ಒಂದೇ ಸಂಜೆಯಲ್ಲಿ ಬಳಿದದ್ದು. ಬ್ರಶ್ ಹಿಡಿದವರಲ್ಲಿ ನಾನೂ ಇದ್ದೆ, ಹಾಗಾಗಿ ಈ ಬೈಗುಳ ನನಗೂ ಸೇರಿಯೇ.

ಈಗ ಮತ್ತೆ ಅದೇ ಮಾತು: "ಇನ್ನೊಂದು ಕೋಟ್ ಎಳೆದ್ರೆ ಆಯ್ತಲ್ಲ?" ಆಗುವುದಿಲ್ಲ. ಸರಿಯಾಗಿ ಮಾಡಲಿಕ್ಕೆ ಪುರುಸೊತ್ತಿಲ್ಲದಿದ್ರೆ ಬಣ್ಣವೇ ಬೇಡ, ಬರಿಮೈಯಲ್ಲಿ ನಿಲ್ಲಲಿ.

ಚಂದ ಕಾಣುವುದಿಲ್ಲ ಅಂತೀರಾ? ಅಲ್ಯೂಮಿನಿಯಂ ಗಾಳಿ ತಾಗಿದ ಕೂಡಲೇ ತನ್ನ ಮೇಲೆ ತಾನೇ ಆಕ್ಸೈಡಿನ ತೆಳು ಪದರ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ತುಕ್ಕಿನ ಹಾಗೆ ಅದು ಉದುರಿ ಹೋಗುವುದಿಲ್ಲ, ಒಳಗಿನ ಲೋಹವನ್ನು ಕಾಯುತ್ತದೆ. ಬೂದು ಬಣ್ಣಕ್ಕೆ ತಿರುಗಿದ ಬರಿಯ ಮಾಸ್ಟನ್ನು ಆಗಾಗ ಸಿಹಿನೀರಲ್ಲಿ ತೊಳೆದರೆ ವರ್ಷಗಟ್ಟಲೆ ಬಾಳುತ್ತದೆ, ಮಂಗಳೂರಿನ ಉಪ್ಪುಗಾಳಿಯಲ್ಲೂ. ಆದರೆ ಮೇಲೆ ಕೂತ ಬಿಳಿ ಹುಡಿಯನ್ನು ತೆಗೆಯದೆ ಬಳಿದರೆ ಬಣ್ಣ ಹಿಡಿಯುವುದು ಹುಡಿಯನ್ನು, ಲೋಹವನ್ನಲ್ಲ. ಸಣ್ಣ ಬಿರುಕಲ್ಲಿ ಉಪ್ಪುನೀರು ನುಗ್ಗಿ ಅಲ್ಲೇ ಉಳಿಯುತ್ತದೆ. ಹೊರಗಿಂದ ಮದುಮಗ, ಒಳಗಿಂದ ಗೆದ್ದಲು.

ನಾಲ್ಕನೇ ಫೋಟೋಗೆ ಸ್ವೈಪ್ ಮಾಡಿ. ಸ್ಟೈನ್‌ಲೆಸ್ ಸ್ಟೀಲು, ಅಲ್ಯೂಮಿನಿಯಂ, ನಡುವೆ ಉಪ್ಪುನೀರು. ಮೂರೂ ಸೇರಿದರೆ ಅದೊಂದು ಬ್ಯಾಟರಿ, ಕರಗುವುದು ಅಲ್ಯೂಮಿನಿಯಮ್ಮೇ. ಅವತ್ತು ನಾವು ಬ್ರಾಕೆಟ್ ಬಿಚ್ಚಲೇ ಇಲ್ಲ, ಸ್ಕ್ರೂ ಸಮೇತ ಬಳಿದುಬಿಟ್ಟೆವು. ಮೊನ್ನೆ ಬಿಚ್ಚಿದರೆ ತೂತು ಅಗಲ ಆಗಿದೆ, ಉಗುರಲ್ಲಿ ಕೆರೆದರೆ ಹುಡಿ ಬರ್ತದೆ. ಕಂಬವನ್ನು ನೆಟ್ಟಗೆ ನಿಲ್ಲಿಸುವ ತಂತಿ ಕಟ್ಟುವುದು ಇದೇ ಬ್ರಾಕೆಟಿಗೆ. ಜೋರು ಗಾಳಿಗೆ ಇದು ಕಿತ್ತು ಬಂದ್ರೆ ಕಂಬ ಬೀಳುವುದು ದೋಣಿಯಲ್ಲಿ ಕೂತವರ ತಲೆ ಮೇಲೆ.

ನಮ್ಮ ಬಿಕಾಂನಲ್ಲಿ ಇದಕ್ಕೊಂದು ಹೆಸರುಂಟು, ವಿಂಡೋ ಡ್ರೆಸ್ಸಿಂಗ್. ಲೆಕ್ಕದ ಪುಸ್ತಕದಲ್ಲಿ ಒಳ್ಳೆ ಕೆಲಸವೂ ಕಳ್ಳ ಕೆಲಸವೂ "ರಿಪೇರಿ ಮತ್ತು ನಿರ್ವಹಣೆ" ಅಂತ ಒಂದೇ ಸಾಲಲ್ಲಿ ಕೂರುತ್ತವೆ. ಯಾವುದು ಯಾವುದು ಅಂತ ಆ ಸಾಲು ಹೇಳುವುದಿಲ್ಲ.

ಹಾಗಾದ್ರೆ ಎಂತ ಮಾಡಬೇಕು? ಫಿಟ್ಟಿಂಗ್ ಎಲ್ಲ ಬಿಚ್ಚಬೇಕು. ಮೊದಲು ತೊಳೆದು ಜಿಡ್ಡು ತೆಗೆಯಬೇಕು, ಆಮೇಲೆ ಉಜ್ಜಬೇಕು. ಉಲ್ಟಾ ಮಾಡಿದ್ರೆ ಜಿಡ್ಡನ್ನೇ ಲೋಹಕ್ಕೆ ತಿಕ್ಕಿದ ಹಾಗೆ. ಕಬ್ಬಿಣದ ತಂತಿ ಬ್ರಶ್ ಮುಟ್ಟಲೇಬೇಡಿ, ಅದರ ಚೂರುಗಳು ಸಿಕ್ಕಿಕೊಂಡು ಅಲ್ಲೇ ಹೊಸ ತಂಟೆ ಶುರು. ಉಜ್ಜಿದ ದಿನವೇ, ಆದಷ್ಟು ಬೇಗ, ಅಲ್ಯೂಮಿನಿಯಂಗೆಂದೇ ಮಾಡಿದ ಪ್ರೈಮರ್ ಹಾಕಬೇಕು, ಯಾಕಂದ್ರೆ ಆಕ್ಸೈಡ್ ನಮ್ಮ ಚಾ ಬ್ರೇಕ್ ಮುಗಿಯುವ ತನಕ ಕಾಯುವುದಿಲ್ಲ. ಅಂಗಡಿಯವರು ಕೊಡುವ ರೆಡ್ ಆಕ್ಸೈಡ್ ಮನೆ ಗೇಟಿಗೆ ಇರಲಿ. ವಾಪಸ್ ಕೂರಿಸುವಾಗ ಎರಡು ಲೋಹಗಳು ಒಂದಕ್ಕೊಂದು ತಾಗದ ಹಾಗೆ ನಡುವೆ ಪೇಸ್ಟೋ ಪ್ಲಾಸ್ಟಿಕ್ ಹಾಳೆಯೋ ಇಡಬೇಕು. ಬಣ್ಣ ಯಾವ ಕಲರ್ ಅನ್ನೋದು ಕೊನೇ ಪ್ರಶ್ನೆ, ಅದನ್ನೇ ಎಲ್ಲರೂ ಮೊದಲು ಕೇಳ್ತಾರೆ.

ಉಜ್ಜುವುದು ಬೋರ್ ನಿಜ. ಮೂರು ಭಾನುವಾರ ಹೋಯ್ತು, ಕೈಯೆಲ್ಲ ಕಪ್ಪು. ಆದರೆ ಬ್ರಾಕೆಟಿನ ಆ ತೂತು ಸಿಕ್ಕಿದ್ದು ಉಜ್ಜಲಿಕ್ಕೆ ಅಂತ ಬಿಚ್ಚಿದಾಗ ಮಾತ್ರ.

ಸದ್ಯ ಕಂಬ ಶೆಡ್ಡಿನಲ್ಲಿ ಮಲಗಿದೆ, ತೂತಿಗೆ ಏನು ಮಾಡಬೇಕೆಂದು ವೆಲ್ಡಿಂಗ್ ಗೊತ್ತಿರುವವರು ಬಂದು ಹೇಳುವವರೆಗೆ ಪ್ರೈಮರ್ ಡಬ್ಬ ಓಪನ್ ಇಲ್ಲ. ಭಾನುವಾರ ಬೆಳಿಗ್ಗೆ ಬರುವವರು ಬನ್ನಿ. ಸ್ಯಾಂಡ್‌ಪೇಪರ್, ಮಾಸ್ಕ್ ನಾನು ತರ್ತೇನೆ.