ಕೊಂಡವರ ಪ್ರತಿ

"ಸರ, ಬಿಲ್ ಸಮೇತ ತಂದ ಡಿಸ್ಕ್ ಐತ್ರಿ. ಅದರಾಗಿನ ಗೇಮ್ ಹಾರ್ಡ್ ಡಿಸ್ಕಿಗೆ ಹಾಕ್ಕೊಂಡ್ರ ಕಳವು ಮಾಡಿದಂಗ ಆಗತೈತೇನ್ರಿ?"

ನರಗುಂದ ತಾಲ್ಲೂಕಿನ ಶಿರೋಳದ ಕಾಲೇಜು ಹುಡುಗನೊಬ್ಬ ಕೇಳಿದ ಪ್ರಶ್ನೆ ಇದು. ಮನೆಯಲ್ಲಿ ಪ್ಲೇಸ್ಟೇಷನ್ 2 ಎಂಬ ಹಳೆಯ ಗೇಮ್ ಪೆಟ್ಟಿಗೆ ಇದೆ, ಅದರ ನಾಲ್ಕಾರು ಡಿಸ್ಕ್‌ಗಳಿವೆ. ಬೇಸಿಗೆಯಲ್ಲಿ ಎರಿ ಹೊಲದ ಧೂಳು ಒಳಗೆಲ್ಲ ತುಂಬುವ ಊರು ಅದು. ಡಿಸ್ಕಿಗೆ ಗೀರು ಬಿದ್ದು ಆಟ ನಡುವೆಯೇ ನಿಲ್ಲುತ್ತದೆ. ಕಾಪಿ ಮಾಡಿಟ್ಟುಕೊಂಡರೆ ಜೈಲು ಎಂದು ಯಾರೋ ಅವನನ್ನು ಹೆದರಿಸಿದ್ದಾರೆ. ದುಡ್ಡು ಕೊಟ್ಟು ವಸ್ತು ಕೊಂಡ ಹುಡುಗನಿಗೆ ಇಂಥ ಭಯ ಇರಬಾರದು. ಅದಕ್ಕಾಗಿಯೇ ಈ ವಾರ ಕಾನೂನಿನ ಪುಸ್ತಕ ತೆರೆದಿದ್ದೇನೆ.

1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಯಾವುದು ಉಲ್ಲಂಘನೆಯಲ್ಲ ಎಂಬುದನ್ನು ಹೇಳುತ್ತದೆ. ಅದರ ಒಂದು ಉಪವಿಧಿಯ ಪ್ರಕಾರ, ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿಯನ್ನು ನ್ಯಾಯವಾಗಿ ಪಡೆದವರು ಅದನ್ನು ಬಳಸುವ ಸಲುವಾಗಿ ನಕಲು ಮಾಡಬಹುದು. ಕಳೆದುಹೋಗದಂತೆ, ನಾಶವಾಗದಂತೆ, ಕೆಡದಂತೆ ತಾತ್ಕಾಲಿಕ ರಕ್ಷಣೆಗಾಗಿ ಬ್ಯಾಕಪ್ ಪ್ರತಿಯನ್ನೂ ಇಟ್ಟುಕೊಳ್ಳಬಹುದು. ಇನ್ನೊಂದು ಉಪವಿಧಿ, ತಾನೇ ಕಾನೂನುಬದ್ಧವಾಗಿ ಪಡೆದ ಪ್ರತಿಯಿಂದ ಲಾಭದ ಉದ್ದೇಶವಿಲ್ಲದೆ ಸ್ವಂತ ಬಳಕೆಗೆ ಮಾಡಿಕೊಳ್ಳುವ ನಕಲನ್ನೂ ಒಪ್ಪುತ್ತದೆ. ವಿಡಿಯೋ ಗೇಮಿನಲ್ಲಿ ಪ್ರೋಗ್ರಾಮಿನ ಜೊತೆಗೆ ಚಿತ್ರವಿದೆ, ಸಂಗೀತವಿದೆ. ಅಂಥ ಕೃತಿಗಳನ್ನು ಖಾಸಗಿ ಉಪಯೋಗಕ್ಕೆ ನ್ಯಾಯೋಚಿತವಾಗಿ ಬಳಸಿಕೊಳ್ಳುವುದಕ್ಕೂ ಇದೇ ಕಲಮಿನಲ್ಲಿ ಅವಕಾಶವಿದೆ. ಆದ್ದರಿಂದ ಶಿರೋಳದ ಹುಡುಗ ತನ್ನ ಡಿಸ್ಕಿನ ಆಟವನ್ನು ತನ್ನ ಪೆಟ್ಟಿಗೆಯ ಹಾರ್ಡ್ ಡಿಸ್ಕಿಗೆ ಹಾಕಿಕೊಂಡರೆ ಅವನು ಕಳ್ಳನಲ್ಲ.

ಕಳೆದುಹೋಗುವುದು, ನಾಶವಾಗುವುದು ಎಂಬ ಮಾತುಗಳನ್ನು ದೆಹಲಿಯಲ್ಲಿ ಕೂತು ಬರೆದವರಿಗಿಂತ ನರಗುಂದ ತಾಲ್ಲೂಕಿನವರು ಚೆನ್ನಾಗಿ ಬಲ್ಲರು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರಿಗೆ ಮಲಪ್ರಭೆ ಉಕ್ಕಿ ಕೊಣ್ಣೂರು, ಲಖಮಾಪುರಗಳ ಮನೆಗಳಿಗೆ ನುಗ್ಗಿತು. ಅಂಥ ನೆರೆಯಲ್ಲಿ ಜನ ಮೊದಲು ಮಕ್ಕಳನ್ನೂ ದನಕರುಗಳನ್ನೂ ನೋಡಿಕೊಳ್ಳುತ್ತಾರೆ. ಪುಸ್ತಕ, ಕ್ಯಾಸೆಟ್ಟು, ಮದುವೆಯ ಸಿ.ಡಿ.ಗಳನ್ನು ನೆನೆಯುವ ಹೊತ್ತಿಗೆ ಅವು ಕೆಸರಾಗಿರುತ್ತವೆ. ಎರಡನೆಯ ಪ್ರತಿ ಇನ್ನೊಂದು ಕಡೆ ಇದ್ದವರದು ಮಾತ್ರ ಉಳಿಯುತ್ತದೆ. ಆಟವೇನು ಮಹಾ ವಸ್ತುವೇ ಎನ್ನುವವರು ಬೆಲೆ ಕೇಳಿ ನೋಡಲಿ. ಪ್ಲೇಸ್ಟೇಷನ್ 5 ಭಾರತಕ್ಕೆ ಬಂದಾಗ ಅದರ ದೊಡ್ಡ ಆಟಗಳ ಬೆಲೆ 4,999 ರೂಪಾಯಿ ಇತ್ತು. ಹಳ್ಳಿಯ ಮನೆಗೆ ಅದು ಸಣ್ಣ ಮೊತ್ತವಲ್ಲ.

ಹಾರ್ಡ್ ಡಿಸ್ಕಿಗೆ ಆಟ ಹಾಕಿಕೊಳ್ಳುವುದು ಈಗ ಕಂಪನಿಗಳೇ ಮಾಡಿಸುವ ಕೆಲಸ. ಎಕ್ಸ್‌ಬಾಕ್ಸ್ 360ರಲ್ಲಿ 2008ರ ನವೆಂಬರಿನಿಂದ ಮೈಕ್ರೋಸಾಫ್ಟ್ ಅದಕ್ಕೆ ಅವಕಾಶ ಕೊಟ್ಟಿತು. 2013ರಲ್ಲಿ ಬಂದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಎರಡರಲ್ಲೂ ಅದು ಕಡ್ಡಾಯವೇ ಆಯಿತು. ಬ್ಲೂ-ರೇ ಡಿಸ್ಕ್ ಓದುವ ವೇಗ ಇಂದಿನ ಆಟಗಳಿಗೆ ಸಾಲದು. ಹಾಗಿದ್ದರೂ ಆಡುವಾಗ ಡಿಸ್ಕ್ ತಟ್ಟೆಯಲ್ಲಿ ಇರಲೇಬೇಕು, ಆಟ ಓಡುವುದು ಹಾರ್ಡ್ ಡಿಸ್ಕಿನಿಂದಲೇ ಆದರೂ. ಇಲ್ಲಿ ಡಿಸ್ಕಿನ ಕೆಲಸ ಸಾಕ್ಷಿ ಹೇಳುವುದಷ್ಟೇ. ಗೀರು ಬಿದ್ದು ಸಾಕ್ಷಿ ಕೆಟ್ಟರೆ ಹಾರ್ಡ್ ಡಿಸ್ಕಿನಲ್ಲಿ ಇಡೀ ಆಟ ಕೂತಿದ್ದರೂ ಪ್ರಯೋಜನವಿಲ್ಲ. ಡಿಸ್ಕಿನ ಹಂಗಿಲ್ಲದೆ ಆಡುವ ವ್ಯವಸ್ಥೆಯನ್ನು 2013ರಲ್ಲಿ ಮೈಕ್ರೋಸಾಫ್ಟ್ ಯೋಚಿಸಿತ್ತು. ಆದರೆ ಪೆಟ್ಟಿಗೆ ದಿನಕ್ಕೊಮ್ಮೆ ಅಂತರ್ಜಾಲದ ಮೂಲಕ ಕಂಪನಿಗೆ ಹಾಜರಿ ಹಾಕಬೇಕೆಂಬ ಷರತ್ತು ಅದಕ್ಕಿತ್ತು. ಜನ ಸಿಟ್ಟಿಗೆದ್ದರು. ಜೂನ್ ತಿಂಗಳಲ್ಲಿ ಕಂಪನಿ ಹಿಂದೆ ಸರಿಯಿತು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ನಮ್ಮ ಹಳ್ಳಿಗಳಲ್ಲಿ ಆ ಷರತ್ತಿನಿಂದ ಏನಾಗುತ್ತಿತ್ತೆಂದು ಬಿಡಿಸಿ ಹೇಳಬೇಕಿಲ್ಲ.

ಕಗ್ಗಂಟು ಇರುವುದು ನಕಲು ತಡೆಯಲು ಕಂಪನಿ ಹಾಕುವ ಬೀಗದಲ್ಲಿ. ಪ್ಲೇಸ್ಟೇಷನ್ 2ರಂಥ ಹಳೆಯ ಪೆಟ್ಟಿಗೆಗಳಲ್ಲಿ ಬೀಗವನ್ನು ದಾಟದೆ ಹಾರ್ಡ್ ಡಿಸ್ಕಿನ ಪ್ರತಿ ಓಡುವುದಿಲ್ಲ. 2012ರ ತಿದ್ದುಪಡಿಯಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ಇಂಥ ರಕ್ಷಣೆಯನ್ನು ಮುರಿದರೆ ಎರಡು ವರ್ಷದವರೆಗೆ ಸೆರೆವಾಸ, ದಂಡ. ಉದ್ದೇಶ ಎಂಬ ಷರತ್ತೇ ಇಲ್ಲಿ ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ದಾಟಿದರೆ ಈ ಕಲಮು ಅಡ್ಡಿ ಮಾಡುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಜೊತೆಗೆ ಇನ್ನೊಂದು ನಿಯಮವಿದೆ, ಅದನ್ನು ಬಲ್ಲ ಅಂಗಡಿಯವರನ್ನು ನಾನು ಕಂಡಿಲ್ಲ. ಬೇರೆಯವರಿಗಾಗಿ ಬೀಗ ದಾಟಿಸಿಕೊಡುವವರು ಆ ಗಿರಾಕಿಯ ಹೆಸರು, ವಿಳಾಸ, ಉದ್ದೇಶಗಳನ್ನೆಲ್ಲ ದಾಖಲೆಯಲ್ಲಿ ಬರೆದಿಡಬೇಕು. ಹುಬ್ಬಳ್ಳಿ, ಗದಗಿನ ರಿಪೇರಿ ಅಂಗಡಿಯವರು ಇದಕ್ಕೊಂದು ನೋಟ್‌ಬುಕ್ ಇಟ್ಟರೆ ಅವರಿಗೂ ಕ್ಷೇಮ, ಗಿರಾಕಿಗೂ ಕ್ಷೇಮ.

ಈ ವಿಷಯದಲ್ಲಿ ನಮ್ಮ ಕಾಯ್ದೆ ಅಮೆರಿಕದ್ದಕ್ಕಿಂತ ಹದವಾಗಿದೆ ಎಂದು ನನಗೆ ಅನಿಸುತ್ತದೆ. ಅಲ್ಲಿ 1998ರ ಕಾನೂನು ಬೀಗ ದಾಟುವುದನ್ನೇ ತಪ್ಪೆನ್ನುತ್ತದೆ. ಮೂರು ವರ್ಷಕ್ಕೊಮ್ಮೆ ಲೈಬ್ರರಿ ಆಫ್ ಕಾಂಗ್ರೆಸ್‌ನ ಮುಖ್ಯಸ್ಥರ ಮುಂದೆ ಹೋಗಿ ವಿನಾಯಿತಿ ಬೇಡಬೇಕು. ಕೆಟ್ಟ ಡಿಸ್ಕ್ ಡ್ರೈವನ್ನು ದುರಸ್ತಿ ಮಾಡಲು ಗೇಮ್ ಪೆಟ್ಟಿಗೆಯ ಬೀಗ ದಾಟಬಹುದೆಂಬ ವಿನಾಯಿತಿ ಸಿಕ್ಕಿದ್ದೇ 2021ರಲ್ಲಿ. ಬ್ರಿಟನ್ನು 2014ರಲ್ಲಿ ಸ್ವಂತ ಬಳಕೆಯ ನಕಲಿಗೆ ಅನುಮತಿ ಕೊಟ್ಟಿತು. ಮರುವರ್ಷವೇ ಅಲ್ಲಿನ ಹೈಕೋರ್ಟ್ ಅದನ್ನು ರದ್ದು ಮಾಡಿತು.

ಪ್ರತಿ ಮಾಡಿಸುವ ಕೆಲಸಕ್ಕೆ ಈ ಹುಡುಗನ ಗದಗ ಜಿಲ್ಲೆಯಲ್ಲಿ ಸಾವಿರ ವರ್ಷದ ಚರಿತ್ರೆಯಿದೆ. ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸಿದ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳು. ಶಿರೋಳದಲ್ಲಿ ತೋಂಟದಾರ್ಯ ಮಠವಿದೆ. ಆ ಪರಂಪರೆಯ ಮೂಲಪುರುಷ ತೋಂಟದ ಸಿದ್ಧಲಿಂಗರ ಶಿಷ್ಯವರ್ಗ ವಚನಗಳನ್ನು ಕಲೆಹಾಕಿ ಶೂನ್ಯಸಂಪಾದನೆಯ ಪರಿಷ್ಕರಣಗಳನ್ನು ಸಿದ್ಧಪಡಿಸಿತು. ತಾಳೆಗರಿಯನ್ನು ಹುಳು ತಿನ್ನುತ್ತದೆ, ನೀರು ಕೆಡಿಸುತ್ತದೆ. ಹಳೆಯದು ಸವೆಯುವ ಮೊದಲು ಹೊಸದಕ್ಕೆ ಇಳಿಸಿದ್ದರಿಂದಲೇ ವಚನಗಳು ನಮ್ಮ ಕೈಗೆ ಬಂದವು.

ಆದರೆ ಅತ್ತಿಮಬ್ಬೆಯ ಹೆಸರು ಹೇಳಿ ಇಂದು ಆಟಗಳನ್ನು ಸಾವಿರ ಪ್ರತಿ ಮಾಡಿ ಹಂಚುವುದನ್ನು ನಾನು ಒಪ್ಪಲಾರೆ. ಪೊನ್ನನಿಗೆ ರಾಜಾಶ್ರಯವಿತ್ತು. ದೊಡ್ಡ ಆಟವೊಂದರ ಹಿಂದೆ ಇಂದು ನೂರಾರು ಜನರ ವರ್ಷಗಟ್ಟಲೆಯ ದುಡಿಮೆಯಿದೆ, ಅವರ ಸಂಬಳ ಹುಟ್ಟುವುದು ಮಾರಾಟದಿಂದ. ಪ್ಲೇಸ್ಟೇಷನ್‌ಗಳ ಬೀಗ ಮುರಿದು ಕಳ್ಳ ಆಟ ತುಂಬಿಕೊಡುವವರ ವಿರುದ್ಧ ಸೋನಿ 2012ರಲ್ಲಿ ದೆಹಲಿ ಹೈಕೋರ್ಟಿಗೆ ಹೋಯಿತು. ಹೋದದ್ದು ಸರಿಯೇ. ಪ್ರೋಗ್ರಾಮಿನ ಕಳ್ಳ ಪ್ರತಿಯನ್ನು ಗೊತ್ತಿದ್ದೂ ಬಳಸುವವರಿಗೆ 63ಬಿ ಕಲಮಿನಲ್ಲಿ ಏಳು ದಿನದಿಂದ ಮೂರು ವರ್ಷದವರೆಗೆ ಸೆರೆವಾಸವಿದೆ. ಇನ್ನೊಂದು ತಪ್ಪು ಇದಕ್ಕಿಂತ ಸೂಕ್ಷ್ಮವಾದದ್ದು, ಒಳ್ಳೆಯ ಹುಡುಗರೂ ಅದನ್ನು ಮಾಡುತ್ತಾರೆ. ಗೆಳೆಯನ ಡಿಸ್ಕ್ ಎರವಲು ತಂದು ಇಳಿಸಿಕೊಳ್ಳುತ್ತಾರೆ, ಇಲ್ಲವೇ ತಮ್ಮ ಡಿಸ್ಕನ್ನು ಮಾರಿ ಹಾರ್ಡ್ ಡಿಸ್ಕಿನ ಪ್ರತಿಯನ್ನು ಉಳಿಸಿಕೊಳ್ಳುತ್ತಾರೆ. ಮೂಲ ಕೈಬಿಟ್ಟ ಮೇಲೆ ಪ್ರತಿಯ ಹಕ್ಕೂ ಹೋಯಿತು.

ಇನ್ನು ಡಿಸ್ಕೇ ಇಲ್ಲದ ಆಟಗಳು. ದುಡ್ಡು ಕಟ್ಟಿ ಇಳಿಸಿಕೊಂಡ ಆಟ ನಮ್ಮದೆಂದು ನಾವು ನಂಬಿರುತ್ತೇವೆ, ಕಂಪನಿಯ ಕರಾರಿನಲ್ಲಿ ಇರುವುದು ಬರೀ ಬಳಕೆಯ ಪರವಾನಗಿ. ನಿಂಟೆಂಡೊ ತನ್ನ 3ಡಿಎಸ್, ವೀ ಯು ಪೆಟ್ಟಿಗೆಗಳ ಆನ್‌ಲೈನ್ ಮಳಿಗೆಯನ್ನು 2023ರ ಮಾರ್ಚ್‌ನಲ್ಲಿ ಮುಚ್ಚಿತು. ಯೂಬಿಸಾಫ್ಟ್ 2024ರ ಮಾರ್ಚ್ 31ರಂದು 'ದಿ ಕ್ರೂ' ಆಟದ ಸರ್ವರ್ ನಿಲ್ಲಿಸಿದಾಗ ಡಿಸ್ಕ್ ಕೊಂಡವರಿಗೂ ಆ ಆಟ ಇಲ್ಲವಾಯಿತು. ಅಮೆರಿಕದಲ್ಲಿ ಬಿಡುಗಡೆಯಾದ ಹಳೆಯ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲ ಎಂದು ವಿಡಿಯೋ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಎಣಿಸಿ ಹೇಳಿತು. ಕೊಡುವುದು ಪರವಾನಗಿ ಮಾತ್ರವಾದರೆ ಅದನ್ನು ಗ್ರಾಹಕರಿಗೆ ಮೊದಲೇ ಸ್ಪಷ್ಟಪಡಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿದೆ. ನಮ್ಮ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ ಅಂಥ ನಿಯಮ ತರಬೇಕು. ಮಳಿಗೆಯನ್ನೋ ಸರ್ವರನ್ನೋ ಮುಚ್ಚುವ ಕಂಪನಿ, ಕೊಂಡವರು ಒಂದು ಪ್ರತಿಯನ್ನು ಬೀಗವಿಲ್ಲದೆ ಇಟ್ಟುಕೊಳ್ಳಲು ದಾರಿ ಮಾಡಿಕೊಟ್ಟೇ ಮುಚ್ಚಬೇಕೆಂಬ ಷರತ್ತೂ ಅದರಲ್ಲಿರಲಿ.

ಶಿರೋಳದ ಹುಡುಗನಿಗೆ ನಾನು ಹೇಳಿದ್ದು ಇಷ್ಟು: ತಮ್ಮಾ, ಬಿಲ್ಲನ್ನು ಎತ್ತಿಡು, ಡಿಸ್ಕನ್ನು ಅದರ ಡಬ್ಬಿಯಲ್ಲೇ ಇಡು, ಪ್ರತಿ ಮಾಡಿಕೊಂಡು ಧೈರ್ಯವಾಗಿ ಆಡು. ಡಿಸ್ಕ್ ಮಾರುವ ದಿನ ಹಾರ್ಡ್ ಡಿಸ್ಕಿನ ಪ್ರತಿಯನ್ನೂ ಅಳಿಸಿಬಿಡು.