ವಿಶಾಖಪಟ್ಟಣದಲ್ಲಿ ಎಂಜಿನ್ ಕಳಚುವ ಹೊತ್ತು

ಬೆಂಗಳೂರಿನಿಂದ ಭುವನೇಶ್ವರಕ್ಕೆ ಹೋಗುವ ಪ್ರಶಾಂತಿ ಎಕ್ಸ್‌ಪ್ರೆಸ್ ವಿಜಯವಾಡದಲ್ಲಿ ನಿಂತು, ಬಂದ ದಿಕ್ಕಿನಲ್ಲೇ ಮುಂದಕ್ಕೆ ಹೊರಡುತ್ತದೆ. ಸುಮಾರು 350 ಕಿ.ಮೀ. ಆಚೆ ವಿಶಾಖಪಟ್ಟಣದಲ್ಲಿ ಹಾಗಲ್ಲ. ಅಲ್ಲಿನ ನಿಲ್ದಾಣ ಮುಖ್ಯ ದಾರಿಯಿಂದ ಒಳಕ್ಕೆ ಸರಿದು ಕೂತಿದೆ. ಒಳಗೆ ಬಂದ ಗಾಡಿ ಬಂದ ಕಡೆಯಿಂದಲೇ ಹೊರಬೀಳಬೇಕು. ಮುಂದಿದ್ದ ಎಂಜಿನ್ ಕಳಚುತ್ತಾರೆ, ಹಿಂದಿನ ತುದಿಗೆ ಎಂಜಿನ್ ಬಂದು ಕೂಡಿಕೊಳ್ಳುತ್ತದೆ, ಬಾಲ ತಲೆಯಾಗುತ್ತದೆ. ಮೊದಲ ಸಲ ಹೋದವರಿಗೆ ರೈಲು ವಾಪಸು ಹೊರಟಿತೇ ಎಂದು ಗಾಬರಿಯಾಗುವುದುಂಟು. ಈ ಗೋಜೇ ಬೇಡವೆಂದು ಕೆಲವು ಗಾಡಿಗಳನ್ನು ಊರೊಳಗೆ ತರದೆ ದುವ್ವಾಡದಿಂದಲೇ ಹಾಯಿಸುತ್ತಾರೆ.

ಒಂದು ಎಂಜಿನ್ ಕಳಚಿ ಇನ್ನೊಂದು ಸೇರುವ ನಡುವೆ ಗಾಡಿಗೆ ತಲೆಯೇ ಇರುವುದಿಲ್ಲ. ಅದು ಸುಮ್ಮನೆ ನಿಂತಿರುತ್ತದೆ. ಯುಎಸ್‌ಬಿ ಡ್ರೈವರ್ ಬರೆಯುವವರು ಬಹಳ ಕಾಲ ಮರೆತದ್ದು ಈ ನಿಲುಗಡೆಯನ್ನು.

1996ರಲ್ಲಿ ಬಂದ ಯುಎಸ್‌ಬಿಯಲ್ಲಿ ಸಮಾನತೆ ಎಂಬುದಿಲ್ಲ. ಕಂಪ್ಯೂಟರು ಹೋಸ್ಟ್, ಅಂದರೆ ಯಜಮಾನ. ಪೆನ್‌ಡ್ರೈವ್, ಮೌಸ್, ಪ್ರಿಂಟರ್ ಎಲ್ಲವೂ ಡಿವೈಸ್. ಯಜಮಾನ ಕೇಳಿದರೆ ಮಾತ್ರ ಡಿವೈಸ್ ಬಾಯಿಬಿಡಬೇಕು. ಆಮೇಲೆ ಬಂದ ಫೋನಿಗೆ ಎರಡೂ ವೇಷ ಬೇಕಾಯಿತು: ಕಂಪ್ಯೂಟರಿಗೆ ಸಿಕ್ಕಿಸಿದಾಗ ಡಿವೈಸ್, ಪೆನ್‌ಡ್ರೈವ್ ಸಿಕ್ಕಿಸಿದಾಗ ಹೋಸ್ಟ್. ಸಿನಿಮಾದ ದ್ವಿಪಾತ್ರದಲ್ಲಾದರೆ ಇಬ್ಬರೂ ಒಂದೇ ಚೌಕಟ್ಟಿನಲ್ಲಿ ಎದುರುಬದುರು ನಿಲ್ಲಬಹುದು. ಇಲ್ಲಿ ಹಾಗಾಗಕೂಡದು. ಇಬ್ಬರೂ ಒಟ್ಟಿಗೆ ತಂತಿಗೆ 5 ವೋಲ್ಟ್ ಹರಿಸಿದರೆ ರೈಲಿನ ಎರಡೂ ತುದಿಯಲ್ಲಿ ಎಂಜಿನ್ ಕಟ್ಟಿ ಎಳೆದಂತೆ.

2001ರ ಡಿಸೆಂಬರಿನಲ್ಲಿ ಬಂದ 'ಆನ್ ದ ಗೋ' ನಿಯಮಾವಳಿ ಇದಕ್ಕೊಂದು ಸರಳ ಉಪಾಯ ಹೂಡಿತು. ವಿಜಯವಾಡದ ಬೆಸೆಂಟ್ ರಸ್ತೆಯಂಥ ಯಾವ ಪೇಟೆಯಲ್ಲಾದರೂ ಸಿಗುವ ಗೇಣುದ್ದದ ಓಟಿಜಿ ಕೇಬಲ್ಲಿನ ಗುಟ್ಟು ಅದೇ. ಆ ಪ್ಲಗ್ಗಿನಲ್ಲಿ ಐಡಿ ಎಂಬ ಐದನೆಯ ಪಿನ್ನು ನೆಲಕ್ಕೆ, ಅಂದರೆ ಗ್ರೌಂಡಿಗೆ, ಜೋಡಿಸಿರುತ್ತದೆ. ಅದನ್ನು ಕಂಡ ಫೋನು ತಾನೇ ಯಜಮಾನನೆಂದು ತಿಳಿಯುತ್ತದೆ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಯಮಾವಳಿ ಬರೆದವರು ಕೇಬಲ್ ಕೀಳದೆಯೇ ಎರಡು ಉಪಕರಣಗಳು ಮಾತಾಡಿಕೊಂಡು ಯಜಮಾನಿಕೆ ಅದಲುಬದಲು ಮಾಡಿಕೊಳ್ಳುವ ದೊಡ್ಡ ಶಾಸ್ತ್ರವನ್ನೇ ರಚಿಸಿದರು. ಅದನ್ನು ನಿಜವಾಗಿ ಬಳಸಿದವರು ಬೆರಳೆಣಿಕೆ.

ಲಿನಕ್ಸ್ ಕರ್ನೆಲ್ ಆ ಶಾಸ್ತ್ರದ ಹಿಂದೆ ವರ್ಷಗಟ್ಟಲೆ ಅಲೆಯಿತು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್‌ಗಳಲ್ಲಿದ್ದ ಎಂಯುಎಸ್‌ಬಿ ಕಂಟ್ರೋಲರಿನ ಡ್ರೈವರಿನಲ್ಲಿ ಹೋಸ್ಟೋ ಡಿವೈಸೋ ಎರಡೂ ಹೌದೋ ಎಂಬುದನ್ನು ಕರ್ನೆಲ್ ಕಂಪೈಲ್ ಮಾಡುವಾಗಲೇ ಆರಿಸಬೇಕಿತ್ತು. 2015ರಿಂದಾಚೆಗೆ ಎಲ್ಲ ಕಂಟ್ರೋಲರುಗಳಿಗೂ ಹೊಂದುವ ಒಂದೇ ದ್ವಿಪಾತ್ರ ಚೌಕಟ್ಟು ಕಟ್ಟುವ ಪ್ರಯತ್ನ ನಡೆಯಿತು. ಆವೃತ್ತಿಯ ಮೇಲೆ ಆವೃತ್ತಿ ಬಂದರೂ ಅದು ಕರ್ನೆಲ್ಲಿಗೆ ಸೇರಲಿಲ್ಲ. ಸೇರದೇ ಹೋದದ್ದು ಒಳ್ಳೆಯದೇ ಆಯಿತು ಎನ್ನಬೇಕು. ಯಜಮಾನ ಯಾರೆಂದು ಪತ್ತೆಹಚ್ಚುವುದು ಒಂದು ಕೆಲಸ, ಹೇಳಿದ ಪಾತ್ರಕ್ಕೆ ಬದಲಾಗುವುದು ಇನ್ನೊಂದು ಕೆಲಸ. ಎರಡನ್ನೂ ಒಂದೇ ಕೋಡಿನಲ್ಲಿ ಕಲಸಿದ್ದೇ ಮೂಲದ ತಪ್ಪು.

2018ರಲ್ಲಿ ಕರ್ನೆಲ್ 4.17ಕ್ಕೆ ಬಂದ ಪಾತ್ರ ಬದಲಾವಣೆಯ ಪುಟ್ಟ ಚೌಕಟ್ಟು ಈ ಗಂಟನ್ನು ಬಿಡಿಸಿತು. ಬರೆದವರಲ್ಲಿ ಮುಖ್ಯರು ಇಂಟೆಲ್‌ನ ಹೈಕ್ಕಿ ಕ್ರೋಗೆರುಸ್. ಅದಕ್ಕೆ ಶಾಸ್ತ್ರ ಗೊತ್ತಿಲ್ಲ, ಸಂಧಾನ ಗೊತ್ತಿಲ್ಲ. ಕಂಟ್ರೋಲರಿನ ಡ್ರೈವರಿಗೆ ಅದು ದಾಟಿಸುವುದು ಒಂದೇ ಆಜ್ಞೆ. ಅದರ ಬೆಲೆ ಮೂರರಲ್ಲಿ ಒಂದು: ಹೋಸ್ಟ್, ಡಿವೈಸ್, ಇಲ್ಲವೇ 'ಯಾವುದೂ ಅಲ್ಲ'. ಆಜ್ಞೆ ಐಡಿ ಪಿನ್ನಿನಿಂದ ಬಂತೋ ಟೈಪ್-ಸಿ ಚಿಪ್‌ನಿಂದ ಬಂತೋ, ಡ್ರೈವರಿಗೆ ಅದರ ಗೊಡವೆ ಬೇಡ.

ಆ ಮೂರನೆಯ ಬೆಲೆಯೇ ವಿಶಾಖಪಟ್ಟಣದ ನಿಲುಗಡೆ. ಸಿನಾಪ್ಸಿಸ್ ಕಂಪನಿಯ ಡಿಡಬ್ಲ್ಯುಸಿ3 ಕಂಟ್ರೋಲರ್ ಹೋಸ್ಟ್ ಆಗಿದ್ದು ಡಿವೈಸ್ ಆಗಬೇಕಾದಾಗ ಏನೇನು ನಡೆಯಬೇಕು ನೋಡಿ. ಹೋಸ್ಟ್ ಬದಿಯ ಎಕ್ಸ್‌ಎಚ್‌ಸಿಐ ಡ್ರೈವರನ್ನೇ ಪೂರ್ತಿ ಕಿತ್ತುಹಾಕಬೇಕು. ಅದರ ಬೆನ್ನಿಗಿರುವ ಪೆನ್‌ಡ್ರೈವು, ಅದರಲ್ಲಿ ಅರ್ಧ ಬರೆದ ಫೈಲು, ಫೈಲಿಗಾಗಿ ಕಾದಿರುವ ಪ್ರೋಗ್ರಾಮು, ಎಲ್ಲಕ್ಕೂ ಸಂಪರ್ಕ ಕಡಿಯಿತೆಂದು ತಿಳಿಸಬೇಕು. 5 ವೋಲ್ಟ್ ನಿಲ್ಲಿಸಬೇಕು. ಕಂಟ್ರೋಲರನ್ನು ರೀಸೆಟ್ ಮಾಡಿ, ದಿಕ್ಕು ಹೇಳುವ ರಿಜಿಸ್ಟರ್ ತಿರುಗಿಸಿ, ಆಮೇಲೆ ಡಿವೈಸ್ ಬದಿಯನ್ನು ಎಬ್ಬಿಸಬೇಕು. ಇವುಗಳಲ್ಲಿ ಹಲವು ಕೆಲಸಗಳು ಕಾಯುವಂಥವು. ಇಂಟರಪ್ಟ್ ಬಂದ ಗಳಿಗೆಯಲ್ಲಿ ಕರ್ನೆಲ್ ಕಾಯುವ ಹಾಗಿಲ್ಲ. ಆದ್ದರಿಂದಲೇ ಡಿಡಬ್ಲ್ಯುಸಿ3 ಡ್ರೈವರ್ ಇದನ್ನು ಬೇರೊಂದು ಕೆಲಸದ ಸಾಲಿಗೆ ಹಾಕುತ್ತದೆ. ಅಷ್ಟರಲ್ಲಿ ಬಳಕೆದಾರ ಕೇಬಲ್ ಕಿತ್ತು ಮತ್ತೆ ಚುಚ್ಚಿರಬಹುದು! ಹಳೆಯ ಆಜ್ಞೆಗಳನ್ನು ಒಂದೊಂದಾಗಿ ಪಾಲಿಸುತ್ತ ಕೂರದೆ ಕೊನೆಯ ಆಜ್ಞೆಗೆ ಮಾತ್ರ ತಲೆಬಾಗುವ ಡ್ರೈವರೇ ಒಳ್ಳೆಯ ಡ್ರೈವರ್.

2014ರಲ್ಲಿ ಬಂದ ಟೈಪ್-ಸಿ ಇನ್ನೊಂದು ಮಡಿಕೆ ಸೇರಿಸಿತು. ಐಡಿ ಪಿನ್ನು ಹೋಯಿತು. ವಿದ್ಯುತ್ತಿನ ಯಜಮಾನಿಕೆಯೂ ಮಾತಿನ ಯಜಮಾನಿಕೆಯೂ ಬೇರೆಬೇರೆಯಾಗಲು ಅವಕಾಶವಾಯಿತು. ಲ್ಯಾಪ್‌ಟಾಪು ಮಾನಿಟರಿನಿಂದ ಚಾರ್ಜ್ ಆಗುತ್ತಲೇ ಅದೇ ಮಾನಿಟರಿನ ಯುಎಸ್‌ಬಿ ಹಬ್ಬಿಗೆ ಹೋಸ್ಟ್ ಆಗಿರುತ್ತದೆ. ಎರಡು ಫೋನುಗಳನ್ನು ಒಂದು ಸಿ-ಕೇಬಲಿನಿಂದ ಜೋಡಿಸಿದರೆ ಯಾರಿಂದ ಯಾರು ಚಾರ್ಜ್ ಆಗುತ್ತಾರೆಂಬುದು ಕೆಲವೊಮ್ಮೆ ನಾಣ್ಯ ಚಿಮ್ಮಿದ ಹಾಗೆ. ಪತ್ತೆಹಚ್ಚುವ ಕೆಲಸವನ್ನು ಕಂಟ್ರೋಲರಿನ ಡ್ರೈವರಿನಿಂದ ಬೇರ್ಪಡಿಸಿದ್ದರ ಲಾಭ ಇಲ್ಲಿ ಕಣ್ಣಿಗೆ ಕಾಣುತ್ತದೆ.

ಇದೆಲ್ಲ ದೊಡ್ಡ ಕಂಪನಿಗಳ ತಲೆನೋವು ಎಂದು ಬಿಟ್ಟುಬಿಡುವಂತಿಲ್ಲ. ವಿಶಾಖಪಟ್ಟಣದಲ್ಲೇ 270 ಎಕರೆಯ ಆಂಧ್ರಪ್ರದೇಶ ಮೆಡ್‌ಟೆಕ್ ವಲಯವಿದೆ, ವೈದ್ಯಕೀಯ ಉಪಕರಣ ತಯಾರಿಕೆಗೆಂದೇ ಕಟ್ಟಿದ್ದು. ಅಂಥ ಕಡೆ ಒಂದು ಸಣ್ಣ ತಂಡ ತಾಲ್ಲೂಕು ಆಸ್ಪತ್ರೆಗೆಂದು ಕೈಯಲ್ಲಿ ಹಿಡಿಯುವ ಇಸಿಜಿ ಯಂತ್ರ ಮಾಡುತ್ತಿದೆ ಎಂದುಕೊಳ್ಳಿ. ಇರುವುದು ಒಂದೇ ಪೋರ್ಟ್. ನರ್ಸ್ ವರದಿಯನ್ನು ಪೆನ್‌ಡ್ರೈವಿಗೆ ಹಾಕಬೇಕು. ಸರ್ವೀಸಿಗೆ ಬಂದವರು ಅದೇ ಪೋರ್ಟಿನಿಂದ ಕಂಪ್ಯೂಟರಿಗೆ ಜೋಡಿಸಬೇಕು. ಚಿಪ್ ತಯಾರಕರು ಕೊಟ್ಟ ಹಳೆಯ ಕರ್ನೆಲ್ ಮೇಲೆ, ಗಡುವಿನ ಒತ್ತಡದಲ್ಲಿ, ತಂಡ ಬೋರ್ಡಿನ ವಿವರಣಾ ಫೈಲಿನಲ್ಲಿ ಪಾತ್ರವನ್ನು 'ಹೋಸ್ಟ್' ಎಂದು ಕಟ್ಟಿಹಾಕಿ, ಪಾತ್ರ ತಿರುಗಿಸಲು ತನ್ನದೇ ಒಂದು ಗುಪ್ತ ಸ್ವಿಚ್ಚು ಬರೆದುಕೊಳ್ಳುತ್ತದೆ. ಪ್ರದರ್ಶನದ ದಿನ ಅದು ನಡೆಯುತ್ತದೆ. ಎರಡು ವರ್ಷದ ಮೇಲೆ ಸುರಕ್ಷತೆಯ ತಿದ್ದುಪಡಿಗಾಗಿ ಕರ್ನೆಲ್ ಬದಲಿಸಬೇಕಾದಾಗ ಆ ಸ್ವಿಚ್ಚು ಹೊಸದಕ್ಕೆ ಕೂರುವುದಿಲ್ಲ, ಬರೆದ ಹುಡುಗ ಅಷ್ಟರಲ್ಲಿ ಹೈದರಾಬಾದಿಗೋ ಬೆಂಗಳೂರಿಗೋ ಹೋಗಿರುತ್ತಾನೆ. ಆಗ ಕಂಪನಿ ಹಳೆಯ ಕರ್ನೆಲ್ಲಿನಲ್ಲೇ ಉಳಿಯುತ್ತದೆ, ಯಂತ್ರ ರೋಗಿಯ ಪಕ್ಕದಲ್ಲಿ ಉಳಿಯುತ್ತದೆ.

ಐಡಿ ಪಿನ್ನು ನೋಡಿ ಆಜ್ಞೆ ಕೊಡುವ ಪುಟ್ಟ ಡ್ರೈವರ್ ಕರ್ನೆಲ್ಲಿನಲ್ಲಿ ಸಿದ್ಧವಿದೆ. ಏನೂ ಜೋಡಿಸಿಲ್ಲದಾಗ ಯಾವ ಪಾತ್ರದಲ್ಲಿರಬೇಕೆಂದು ವಿವರಣಾ ಫೈಲಿನಲ್ಲಿ ಹೇಳಲೂ ಜಾಗವಿದೆ. ಕಂಟ್ರೋಲರಿಗೂ ತಂತಿಗೂ ನಡುವೆ ಸಂಕೇತ ದಾಟಿಸುವ ಪಿಎಚ್‌ವೈ ಭಾಗಕ್ಕೆ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಕಿಶೋನ್ ವಿಜಯ್ ಅಬ್ರಹಾಂ ಬರೆದ ಸಾಮಾನ್ಯ ಚೌಕಟ್ಟು 2014ರ ಆರಂಭದಿಂದಲೂ ಇದೆ. ಇವನ್ನು ಬಳಸಿ, ಕೊರತೆ ಕಂಡಲ್ಲಿ ತಿದ್ದಿ, ತಿದ್ದಿದ್ದನ್ನು ಮೂಲ ಕರ್ನೆಲ್ಲಿಗೆ ಕಳಿಸಬೇಕು. ಪರಿಶೀಲಕರ ಬೈಗುಳ ತಿನ್ನುವುದು, ಮೂರು ಸಲ ತಿದ್ದಿ ಬರೆಯುವುದು ಸಣ್ಣ ತಂಡಕ್ಕೆ ಭಾರವೇ. ಗುಪ್ತ ಸ್ವಿಚ್ಚನ್ನು ಜೀವನಪೂರ್ತಿ ಹೊರುವುದು ಅದಕ್ಕಿಂತ ಭಾರ.

ಎರಡು ಪೋರ್ಟ್ ಇಟ್ಟರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಜಾಗವಿದ್ದು, ನೀರು ಧೂಳಿನ ಭಯವಿಲ್ಲದಿದ್ದರೆ ಅದೇ ಸರಿ. ದುವ್ವಾಡದ ದಾರಿ ಇರುವಾಗ ಊರೊಳಗೆ ಬಂದು ಎಂಜಿನ್ ಕಳಚಬೇಕೆಂದೇನಿಲ್ಲ. ಒಂದೇ ಪೋರ್ಟ್ ಸಾಕೆಂದು ತೀರ್ಮಾನಿಸಿದವರು ಮಾತ್ರ ಪೆನ್‌ಡ್ರೈವಿಗೆ ಫೈಲು ಬರೆಯುತ್ತಿರುವಾಗಲೇ ಕೇಬಲ್ ಕಿತ್ತು, ಕಂಪ್ಯೂಟರಿಗೆ ಚುಚ್ಚಿ, ಮತ್ತೆ ಕಿತ್ತು ನೋಡಲಿ, ಒಂದು ಸಲವಲ್ಲ, ಒಂದು ಸಾವಿರ ಸಲ. ಆಸ್ಪತ್ರೆಯ ನರ್ಸ್ ಹೇಗೂ ಅದನ್ನೇ ಮಾಡುತ್ತಾರೆ.